ಕ್ರೆಡಿಟ್ ಬದಿಯ ಮೇಲೆ ಕುಳಿತ ಮುಖ

ಪಾಲುದಾರಿಕೆ ಲೆಕ್ಕದ ವಿಡಿಯೋಗಳನ್ನು ಯೂಟ್ಯೂಬಿನಲ್ಲಿ ನೋಡುವ ಅಭ್ಯಾಸ ನಮ್ಮ ಕಾಮರ್ಸ್ ವಿಭಾಗದ ಬಹುತೇಕ ಎಲ್ಲರಿಗೂ ಇದೆ. ಟೆಸ್ಟ್ ಹತ್ತಿರ ಬಂದರಂತೂ ರಾತ್ರಿ ಹನ್ನೊಂದರವರೆಗೆ ಅದೇ ಕೆಲಸ. ಆ ವಿಡಿಯೋಗಳಲ್ಲಿ ಒಂದು ವಿಷಯವನ್ನು ನೀವೂ ಗಮನಿಸಿರಬಹುದು. ಪರದೆಯ ತುಂಬ ರೀವ್ಯಾಲ್ಯುಯೇಷನ್ ಅಕೌಂಟ್ ಇರುತ್ತದೆ. ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಬಲಗಡೆಯ ಕೆಳಮೂಲೆಯಲ್ಲಿ ಒಂದು ಚಿಕ್ಕ ಕಿಟಕಿ, ಅದರಲ್ಲಿ ಪಾಠ ಹೇಳುವವರ ಮುಖ. ಕೊನೆಗೆ ಅವರು "ಈಗ ಎರಡೂ ಬದಿ ಟೋಟಲ್ ಮಾಡಿ" ಎನ್ನುತ್ತಾರೆ. ಡೆಬಿಟ್ ಬದಿಯ ಟೋಟಲ್ ಕಾಣುತ್ತದೆ. ಕ್ರೆಡಿಟ್ ಬದಿಯ ಟೋಟಲ್ ಇರಬೇಕಾದ ಜಾಗದಲ್ಲಿ ಅವರ ಗಡ್ಡ ಕಾಣುತ್ತದೆ.

ಬ್ಯಾಲೆನ್ಸ್ ಶೀಟಿನಲ್ಲೂ ಇದೇ ಕಥೆ. ಆಸ್ತಿಗಳ ಬದಿ ಬಲಕ್ಕೆ ಬರುತ್ತದೆ, ಅದರ ಮೊತ್ತ ಬಲಗಡೆ ಕೆಳಗೆ. ಲೆಕ್ಕ ಹೊಂದಿತೋ ಇಲ್ಲವೋ ಎಂದು ನೋಡಬೇಕಾದ ಜಾಗವೇ ಅದು. ಅಲ್ಲಿಯೇ ಮುಖ.

ಈ ಕಿಟಕಿಗೆ ವಿಡಿಯೋ ಎಡಿಟಿಂಗಿನಲ್ಲಿ ಪಿಕ್ಚರ್ ಇನ್ ಪಿಕ್ಚರ್ ಎನ್ನುತ್ತಾರೆ, ಅಂದರೆ ಚಿತ್ರದೊಳಗೆ ಚಿತ್ರ. ನಮ್ಮ ಕಾಲೇಜಿನ ವಿಡಿಯೋ ತಂಡವೂ ಈ ವರ್ಷ ರಿವಿಷನ್ ಪಾಠಗಳನ್ನು ಹೀಗೆಯೇ ಮಾಡುತ್ತಿದೆ. ವಿದ್ಯಾರ್ಥಿಗಳೇ ವಿದ್ಯಾರ್ಥಿಗಳಿಗಾಗಿ ಮಾಡುವ ಪಾಠಗಳು, ಯೋಚನೆ ಬಹಳ ಒಳ್ಳೆಯದು. ಆದರೆ ಅದಕ್ಕೊಂದು ನಿಯಮ ಇಟ್ಟಿದ್ದಾರೆ: ಪಾಠ ಹೇಳುವವರ ಮುಖ ಮೂಲೆಯ ಕಿಟಕಿಯಲ್ಲಿ ಕಡ್ಡಾಯವಾಗಿ ಇರಬೇಕು. ಆ ನಿಯಮವನ್ನು ತೆಗೆಯಬೇಕು ಎಂದು ಕೇಳಲು ಈ ಲೇಖನ ಬರೆಯುತ್ತಿದ್ದೇನೆ. ಮುಖ ತೋರಿಸಲು ಇಷ್ಟವಿಲ್ಲದ ಒಬ್ಬಳು ಆ ನಿಯಮದಿಂದಾಗಿ ತಂಡದಿಂದ ಹೊರಗೆ ಉಳಿದಿದ್ದಾಳೆ. ನಮ್ಮ ತರಗತಿಯಲ್ಲಿ ಪಾಲುದಾರಿಕೆ ಲೆಕ್ಕವನ್ನು ಅವಳಷ್ಟು ಚೆನ್ನಾಗಿ ಬಿಡಿಸಿ ಹೇಳುವವರು ಇನ್ನೊಬ್ಬರಿಲ್ಲ.

ಮೊದಲು ಈ ಕಿಟಕಿಯ ಬಗ್ಗೆಯೇ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಎಡಿಟಿಂಗ್ ಮಾಡದವರಿಗೆ ಇದು ಯಾಕೆ ದೊಡ್ಡ ವಿಷಯ ಎಂದು ಅನ್ನಿಸಬಹುದು.

1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಉದ್ಘಾಟನೆಯ ಪ್ರಸಾರದಲ್ಲಿ ಕ್ವಾಂಟೆಲ್ ಎಂಬ ಕಂಪನಿಯ ಯಂತ್ರದಿಂದ ಒಲಿಂಪಿಕ್ ಜ್ಯೋತಿಯ ಹತ್ತಿರದ ಚಿತ್ರವನ್ನು ಮೈದಾನದ ದೊಡ್ಡ ಚಿತ್ರದೊಳಗೆ ಕೂರಿಸಿ ತೋರಿಸಿದರು. ಆಗ ಅದಕ್ಕೆ ಟಿವಿ ಕೇಂದ್ರದಲ್ಲಿ ಇಡುವಂಥ ದುಬಾರಿ ಉಪಕರಣ ಬೇಕಿತ್ತು. ಮನೆ ಕಂಪ್ಯೂಟರಿಗೆ ಇದು ಬರಲು ಬಹಳ ಕಾಲ ಹಿಡಿಯಿತು. ಅಬ್ಬಾ ಅವರ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಮೂವಿ ಮೇಕರ್ ಇತ್ತು. ಅದರಲ್ಲಿ ವಿಡಿಯೋಗೆ ಒಂದೇ ಸಾಲು. ಒಂದರ ಹಿಂದೆ ಒಂದು ಜೋಡಿಸಬಹುದೇ ಹೊರತು ಒಂದರ ಮೇಲೊಂದು ಇಡಲು ಬರುತ್ತಿರಲಿಲ್ಲ. ಮೈಕ್ರೋಸಾಫ್ಟ್ ಅದನ್ನು 2017ರ ಜನವರಿಯಲ್ಲಿ ನಿಲ್ಲಿಸಿತು. ಈಗ ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್ ಮುಂತಾದ ಉಚಿತ ಸಾಫ್ಟ್‌ವೇರ್‌ಗಳಲ್ಲಿ ಎಷ್ಟು ಸಾಲು ಬೇಕಾದರೂ ಹಾಕಬಹುದು. ಮೊಬೈಲಿನಲ್ಲಿ ಕೈನ್‌ಮಾಸ್ಟರ್ ಇದನ್ನು ಲೇಯರ್ ಎನ್ನುತ್ತದೆ, ಇನ್‌ಶಾಟ್ ಪಿಐಪಿ ಎನ್ನುತ್ತದೆ, ಬೇರೆ ಕೆಲವು ಓವರ್‌ಲೇ ಎನ್ನುತ್ತವೆ. ಕೆಲಸ ಒಂದೇ. ಮೇಲಿನ ಸಾಲಿನ ವಿಡಿಯೋ ಕೆಳಗಿನ ಸಾಲನ್ನು ಮುಚ್ಚುತ್ತದೆ. ಮೇಲಿನದನ್ನು ಕುಗ್ಗಿಸಿ ಬೇಕಾದ ಕಡೆ ಎಳೆದು ಬಿಟ್ಟರೆ ಕಿಟಕಿ ಸಿದ್ಧ. ಎರಡು ನಿಮಿಷದಲ್ಲಿ ಕಲಿಯಬಹುದು.

ಎರಡು ನಿಮಿಷದಲ್ಲಿ ಕಲಿಯಬಹುದಾದ್ದರಿಂದಲೇ ಇರಬೇಕು, ಯಾವುದನ್ನು ದೊಡ್ಡದು ಮಾಡಬೇಕು, ಯಾವುದನ್ನು ಚಿಕ್ಕದು ಮಾಡಬೇಕು ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ನನಗೆ ಈ ಪ್ರಶ್ನೆ ಹುಟ್ಟಿದ್ದು ಆಪಾಳ ನಿಕಾಹ್ ವಿಡಿಯೋ ಎಡಿಟ್ ಮಾಡುವಾಗ.

ನಿಕಾಹ್ ನೋಡಿದವರಿಗೆ ಗೊತ್ತು, ಅದು ಎರಡು ಜಾಗದಲ್ಲಿ ನಡೆಯುತ್ತದೆ. ನಮ್ಮ ಕಡೆ ಮದುಮಗಳು ಹೆಂಗಸರ ಕೋಣೆಯಲ್ಲಿ ಇರುತ್ತಾಳೆ. ವಕೀಲರು ಇಬ್ಬರು ಸಾಕ್ಷಿಗಳ ಜೊತೆ ಬಂದು ಅವಳ ಒಪ್ಪಿಗೆ ಕೇಳುತ್ತಾರೆ, ಮೆಹರ್ ಎಷ್ಟು ಎಂದು ಹೇಳುತ್ತಾರೆ, ಅವಳು ಸಹಿ ಮಾಡುತ್ತಾಳೆ. ಆಮೇಲೆ ಗಂಡಸರ ಹಾಲಿನಲ್ಲಿ ಖುತ್ಬಾ, ಮದುಮಗನ ಕುಬೂಲ್, ದುವಾ, ಖರ್ಜೂರ. ಮದುವೆಗೆ ಬಂದ ವಿಡಿಯೋದವರು ಕೊಟ್ಟ ಸಿಡಿಯಲ್ಲಿ ದೂಲ್ಹಾಭಾಯಿ ಪರದೆ ತುಂಬ ಇದ್ದಾರೆ. ಆಪಾ ಮೂಲೆಯಲ್ಲಿ ಒಂದು ತಿರುಗುವ ಹೃದಯದೊಳಗೆ ಇದ್ದಾಳೆ, ಅದೂ ಮೆಹಂದಿ ದಿನ ತೆಗೆದ ದೃಶ್ಯ. ಅವರು ಕುಬೂಲ್ ಹೇಳುವಾಗ ಅವಳು ಮೆಹಂದಿಯಲ್ಲಿ ನಗುತ್ತಿದ್ದಾಳೆ. ನಾನಿ ಕನ್ನಡಕ ಹಾಕಿಕೊಂಡು ನೋಡಿ, "ಮೂಲೆಯಲ್ಲಿ ಇದೇನು ಬೇಟಾ, ಅಂಚೆ ಚೀಟಿ ಅಂಟಿಸಿದ್ದಾರಾ?" ಎಂದು ಕೇಳಿದರು.

ಆ ದಿನ ನನ್ನ ಖಾಲಾ ಹೆಂಗಸರ ಕೋಣೆಯಲ್ಲಿ ಮೊಬೈಲಿನಿಂದ ರೆಕಾರ್ಡ್ ಮಾಡಿದ್ದರು. ನನ್ನ ಮಾಮು ಹಾಲಿನಲ್ಲಿ ಮಾಡಿದ್ದರು. ಎರಡನ್ನೂ ತೆಗೆದುಕೊಂಡು ನಾನೇ ಮನೆಯವರಿಗಾಗಿ ಹನ್ನೆರಡು ನಿಮಿಷದ ವಿಡಿಯೋ ಮಾಡಿದೆ. ಆಗ ತಿಳಿದ ಮೊದಲ ವಿಷಯ, ಕಿಟಕಿ ಒಂದು ಮಾತನ್ನು ಹೇಳುತ್ತದೆ. ಎರಡು ಚಿತ್ರ ಒಟ್ಟಿಗೆ ಕಂಡರೆ ನೋಡುವವರು ಎರಡೂ ಒಂದೇ ಹೊತ್ತಿನಲ್ಲಿ ನಡೆಯುತ್ತಿವೆ ಎಂದೇ ತಿಳಿಯುತ್ತಾರೆ. ಆಪಾಳ ಒಪ್ಪಿಗೆ ಮೊದಲು ಆಗಿದೆ, ಕುಬೂಲ್ ಆಮೇಲೆ. ಅವೆರಡನ್ನೂ ಪಕ್ಕಪಕ್ಕ ಇಟ್ಟರೆ ನೋಡಲು ಚಂದ, ಆದರೆ ಸುಳ್ಳು. ಅದಕ್ಕೆ ನಾನು ದೊಡ್ಡ ಚಿತ್ರದಲ್ಲಿ ಆಪಾ ಸಹಿ ಮಾಡುವುದನ್ನು ಇಟ್ಟೆ. ಅದೇ ಕ್ಷಣದಲ್ಲಿ ಹಾಲಿನಲ್ಲಿ ಎಲ್ಲರೂ ಟೋಪಿ ಸರಿಮಾಡಿಕೊಳ್ಳುತ್ತ, ಬಾಗಿಲ ಕಡೆ ನೋಡುತ್ತ ಕಾಯುತ್ತಿದ್ದರು. ಅದನ್ನು ಮೂಲೆಗೆ ಹಾಕಿದೆ. ದೂಲ್ಹಾಭಾಯಿ ಮೂರು ಸಲ ಗಡಿಯಾರ ನೋಡುತ್ತಾರೆ. ಆ ಹನ್ನೆರಡು ನಿಮಿಷದಲ್ಲಿ ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡು ನೋಡುವುದು ಆ ಮೂಲೆಯನ್ನೇ.

ಎರಡನೆಯದು ಇನ್ನೂ ಮುಖ್ಯ. ಆಪಾ ಒಂದೇ ಷರತ್ತು ಹಾಕಿದ್ದಳು, ತನ್ನ ಮುಖ ಇರುವ ವಿಡಿಯೋ ಬೇರೆಯವರ ಫೋನಿಗೆ ಹೋಗಬಾರದು ಎಂದು. ಖಾಲಾ ತೆಗೆದ ವಿಡಿಯೋದಲ್ಲಿ ಮುಖವೂ ಇತ್ತು, ಕೈಯೂ ಇತ್ತು. ಕ್ರಾಪ್ ಮಾಡಿ ಕೈ ಮಾತ್ರ ಉಳಿಸಿದೆ. ಮೆಹಂದಿ ಹಚ್ಚಿದ ಬಲಗೈ, ಪೆನ್ನು, ನಿಕಾಹ್‌ನಾಮಾ. ಸಹಿ ಹಾಕುವ ಮೊದಲು ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ನಿಲ್ಲುತ್ತದೆ. ಮುಖ ಇಲ್ಲದ್ದರಿಂದ ಏನೂ ಕಳೆದುಹೋಗಲಿಲ್ಲ. ಅಮ್ಮಿ ಅಳುವುದು ಸರಿಯಾಗಿ ಆ ಪೆನ್ನು ನಿಂತ ಜಾಗದಲ್ಲಿ.

ಈಗ ಲೆಕ್ಕಶಾಸ್ತ್ರದ ಪಾಠಕ್ಕೆ ಬನ್ನಿ. A ಮತ್ತು B 3:2ರ ಅನುಪಾತದಲ್ಲಿ ಲಾಭ ಹಂಚಿಕೊಳ್ಳುತ್ತಾರೆ, C ಬಂದು ಆರನೇ ಒಂದು ಪಾಲು ಪಡೆಯುತ್ತಾನೆ ಎಂದುಕೊಳ್ಳಿ. ಉಳಿದ ಆರನೇ ಐದು ಪಾಲನ್ನು ಮತ್ತೆ 3:2ರಲ್ಲಿ ಹಂಚಬೇಕು. Aಗೆ ಅರ್ಧ, Bಗೆ ಮೂರನೇ ಒಂದು, Cಗೆ ಆರನೇ ಒಂದು. ಹೊಸ ಅನುಪಾತ 3:2:1. ಇದನ್ನು ಬಾಯಲ್ಲಿ ಹೇಳಿದರೆ ಅರ್ಧ ಜನಕ್ಕೆ ತಿಳಿಯುವುದಿಲ್ಲ. ಬರೆಯುತ್ತಾ ಹೇಳಿದರೆ, ಯಾವ ಸಂಖ್ಯೆಯ ಕೆಳಗೆ ಯಾವ ಸಂಖ್ಯೆ ಬಂತು, ಎಲ್ಲಿ ಗೆರೆ ಎಳೆದರು, ಎಲ್ಲಿ ಹೊಡೆದು ಹಾಕಿದರು ಎಂದು ಕಣ್ಣಿಗೆ ಕಾಣುತ್ತದೆ. ಅಂದರೆ ಪಾಠ ನಡೆಯುವುದು ಕೈಯಲ್ಲಿ. ನಾನು ಹೇಳಿದ ಆ ಹುಡುಗಿ ಲಂಚ್ ಬ್ರೇಕಿನಲ್ಲಿ ರಫ್ ನೋಟಿನ ಹಿಂದಿನ ಪುಟದಲ್ಲಿ ಇದನ್ನು ಬಿಡಿಸುವಾಗ ನಾಲ್ಕೈದು ಜನ ಮೇಲಿಂದ ಬಗ್ಗಿ ನೋಡುತ್ತಾರೆ. ಯಾರೂ ಅವಳ ಮುಖ ನೋಡುವುದಿಲ್ಲ. ನೋಡಿದರೆ ಲೆಕ್ಕ ತಪ್ಪುತ್ತದೆ!

ಅವಳು ವಿಡಿಯೋ ತಂಡಕ್ಕೆ ಹೆಸರು ಕೊಟ್ಟಳು. ಮುಖ ಬೇಡ, ಕೈ ಮತ್ತು ಧ್ವನಿ ಮಾತ್ರ ಇರಲಿ ಎಂದಳು. ಆಗುವುದಿಲ್ಲ, ಎಲ್ಲ ವಿಡಿಯೋ ಒಂದೇ ಥರ ಇರಬೇಕು ಎಂದು ಉತ್ತರ ಬಂತು. ಅವಳು ವಾದ ಮಾಡುವವಳಲ್ಲ. ಸರಿ ಎಂದು ಎದ್ದು ಬಂದಳು.

ಇದನ್ನು ಬರೀ ಪರದೆಯ ಪ್ರಶ್ನೆ ಎಂದು ಓದಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಮುಖ ತೋರಿಸಿ ಚೆನ್ನಾಗಿ ಪಾಠ ಮಾಡುವ ಹುಡುಗಿಯರು ಇದ್ದಾರೆ, ಅವರ ವಿಡಿಯೋ ನಾನೇ ಹಂಚಿದ್ದೇನೆ. ಹಾಗೆಯೇ ಮುಖ ತೋರಿಸಲು ಒಪ್ಪದ ಹುಡುಗರೂ ಇದ್ದಾರೆ. ಒಬ್ಬನ ಮುಖದ ಸ್ಕ್ರೀನ್‌ಶಾಟ್ ತೆಗೆದು ಸ್ಟಿಕರ್ ಮಾಡಿ ಗ್ರೂಪಿನಲ್ಲಿ ಒಂದು ವಾರ ಓಡಿಸಿದ್ದು ಎಲ್ಲರಿಗೂ ನೆನಪಿರಬೇಕು. ಅವನು ಆಮೇಲೆ ಕ್ಯಾಮೆರಾ ಮುಂದೆ ಬಂದಿಲ್ಲ. ಕಾರಣ ಯಾರದು ಏನೇ ಇರಲಿ, ಅದನ್ನು ವಿವರಿಸಬೇಕಾದ ಅಗತ್ಯ ಅವರಿಗೆ ಬರಬಾರದು. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಪಿಯುಸಿಯ ನಾವು ಬಹಳ ಮಂದಿ ಆ ಲೆಕ್ಕದಲ್ಲಿ ಮಕ್ಕಳೇ.

ನಿಯಮದ ಪರವಾಗಿ ಹೇಳುವವರ ಮಾತುಗಳನ್ನೂ ಕೇಳಿದ್ದೇನೆ. ಮುಖ ಇದ್ದರೆ ನೋಡುವವರಿಗೆ ಹತ್ತಿರ ಅನ್ನಿಸುತ್ತದೆ ಎನ್ನುತ್ತಾರೆ. ಇದು ಸುಳ್ಳಲ್ಲ. ನನಗೂ ನಮ್ಮ ಸರ್ ಮುಖ ಕಂಡರೆ ನಿದ್ದೆ ಹೋಗುತ್ತದೆ. ಆದರೆ ಹತ್ತಿರ ಅನ್ನಿಸುವುದು ಬೇರೆ, ಅರ್ಥವಾಗುವುದು ಬೇರೆ. ವಿಡಿಯೋ ಪಾಠಗಳ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್, ಪಾಠ ಹೇಳುವವರ ಚಿತ್ರವನ್ನು ಪರದೆಗೆ ಸೇರಿಸಿದ ಮಾತ್ರಕ್ಕೆ ಕಲಿಕೆ ಹೆಚ್ಚುತ್ತದೆ ಎಂದು ಹೇಳಲಾಗದು ಎಂದೇ ಬರೆದಿದ್ದಾರೆ. ಇನ್ನೂ ಹತ್ತಿರದ ಉದಾಹರಣೆ ಖಾನ್ ಅಕಾಡೆಮಿ. ಬಾಂಗ್ಲಾದೇಶ ಮೂಲದ ಕುಟುಂಬದ ಸಲ್ಮಾನ್ ಖಾನ್ (ನಟ ಅಲ್ಲ!) ತನ್ನ ಸಂಬಂಧಿಕರ ಮಕ್ಕಳಿಗೆ ಗಣಿತ ಹೇಳಿಕೊಡಲು ಹೋಗಿ 2006ರಲ್ಲಿ ಯೂಟ್ಯೂಬಿಗೆ ವಿಡಿಯೋ ಹಾಕತೊಡಗಿದರು. ಕಪ್ಪು ಪರದೆ, ಬಣ್ಣದ ಅಕ್ಷರ, ಹಿಂದೆ ಧ್ವನಿ, ಅಷ್ಟೇ. ಮೂಲೆಯಲ್ಲಿ ಮುಖದ ಕಿಟಕಿ ಇಲ್ಲ. ಅವನ್ನು ನೋಡಿ ಜಗತ್ತಿನ ಎಷ್ಟೋ ದೇಶಗಳ ಮಕ್ಕಳು ಗಣಿತ ಕಲಿತರು, ಈಗ ಕನ್ನಡದಲ್ಲೂ ಇವೆ. ಮುಖ ಇಲ್ಲ ಎಂದು ಯಾರೂ ಬಿಟ್ಟು ಹೋಗಲಿಲ್ಲ.

ಮುಖ ಇಲ್ಲದಿದ್ದರೆ ನಮ್ಮ ಕಾಲೇಜಿನ ವಿಡಿಯೋ ಎಂದು ಹೇಗೆ ತಿಳಿಯುತ್ತದೆ ಎಂಬುದು ಇನ್ನೊಂದು ಮಾತು. ಮೊದಲ ಐದು ಸೆಕೆಂಡ್ ಕಾಲೇಜಿನ ಹೆಸರು, ತರಗತಿ, ಅಧ್ಯಾಯ ಹಾಕಿದರೆ ತಿಳಿಯುತ್ತದೆ. ಹೇಳುವವರಿಗೆ ಇಷ್ಟವಿದ್ದರೆ ಅವರ ಹೆಸರೂ ಇರಲಿ.

ಈ ಕಿಟಕಿ ನೋಡುವವರಿಗೆ ಎಷ್ಟು ಕಾಣುತ್ತದೆ ಎಂಬುದನ್ನೂ ಲೆಕ್ಕ ಹಾಕೋಣ, ಕಾಮರ್ಸಿನವರಲ್ಲವೇ ನಾವು. ಪೂರ್ಣ ಎಚ್‌ಡಿ ಚಿತ್ರದ ಅಳತೆ 1920×1080 ಪಿಕ್ಸೆಲ್. ಕಿಟಕಿಯ ಅಗಲ ಅದರ ಕಾಲು ಭಾಗ ಎಂದರೆ 480×270. ಅಗಲದಲ್ಲಿ ಕಾಲು ಭಾಗ, ಆದರೆ ವಿಸ್ತೀರ್ಣದಲ್ಲಿ ಹದಿನಾರನೇ ಒಂದು ಭಾಗ ಮಾತ್ರ. ಗ್ರೂಪಿನಲ್ಲಿ ಫಾರ್ವರ್ಡ್ ಆಗುತ್ತಾ ವಿಡಿಯೋ ಕುಗ್ಗಿ 854×480ಕ್ಕೆ ಇಳಿದರೆ ಅದೇ ಕಿಟಕಿ ಸುಮಾರು 213×120 ಆಗುತ್ತದೆ. ಅದರೊಳಗೆ ತಲೆ, ಭುಜ, ಹಿಂದಿನ ಗೋಡೆ ಎಲ್ಲ ಇದ್ದು ಮುಖಕ್ಕೆ ಉಳಿಯುವುದು ಬೆರಳಿನ ಉಗುರಿನಷ್ಟು ಜಾಗ. ನಮ್ಮಲ್ಲಿ ಹೆಚ್ಚಿನವರು ನೋಡುವುದು ಮೊಬೈಲಿನಲ್ಲಿ, ಕೆಲವರು ಅಮ್ಮಿಯ ಅಥವಾ ಅಣ್ಣನ ಮೊಬೈಲಿನಲ್ಲಿ. ಇಷ್ಟು ಚಿಕ್ಕ ಮುಖದಿಂದ ಯಾವ ಹತ್ತಿರವೂ ಅನ್ನಿಸುವುದಿಲ್ಲ. ಅದು ಕ್ರೆಡಿಟ್ ಟೋಟಲನ್ನು ಮುಚ್ಚಲು ಮಾತ್ರ ಸಾಕಾಗುತ್ತದೆ.

ಹಾಗಾದರೆ ಮುಖ ಹಾಕಲೇಬೇಕು ಎನ್ನುವವರು ಎಲ್ಲಿ ಹಾಕಬೇಕು? ಇದಕ್ಕೂ ದಾರಿ ಇದೆ. ಲೆಕ್ಕದ ಚಿತ್ರವನ್ನೇ ಮುಕ್ಕಾಲು ಅಳತೆಗೆ ಕುಗ್ಗಿಸಿ ಎಡಕ್ಕೆ ಸರಿಸಿ. 1440×810 ಆಗುತ್ತದೆ. ಬಲಗಡೆ 480 ಅಗಲದ ಪಟ್ಟಿ ಪೂರ್ತಿ ಖಾಲಿ ಉಳಿಯುತ್ತದೆ. ಮುಖವನ್ನು ಅಲ್ಲಿ ಇಟ್ಟರೆ ಯಾವುದೂ ಯಾವುದನ್ನೂ ಮುಚ್ಚುವುದಿಲ್ಲ. ಶಾಟ್‌ಕಟ್‌ನಲ್ಲಿ ಸೈಜ್, ಪೊಸಿಷನ್ ಅಂಡ್ ರೊಟೇಟ್ ಎಂಬ ಫಿಲ್ಟರ್ ಇದೆ, ಈ ಸಂಖ್ಯೆಗಳನ್ನು ನೇರವಾಗಿ ಅದರಲ್ಲಿ ಬರೆದರೆ ಮುಗಿಯಿತು. ಪ್ರತಿ ವಿಡಿಯೋದಲ್ಲೂ ಒಂದೇ ಜಾಗಕ್ಕೆ ಬರುತ್ತದೆ, ಕೈಯಿಂದ ಎಳೆಯುವ ರಗಳೆ ಇಲ್ಲ. ನಿಲುವಾಗಿ ನೋಡುವ ಚಿಕ್ಕ ವಿಡಿಯೋಗಳಾದರೆ ಬಲ ಅಂಚಿನಲ್ಲಿ ಲೈಕ್, ಶೇರ್ ಗುಂಡಿಗಳು ಇರುತ್ತವೆ. ಅಲ್ಲಿ ಏನನ್ನೂ ಇಡಬಾರದು. ಉರ್ದು ವಿಭಾಗದವರು ಮಾಡುವ ವಿಡಿಯೋಗಳಲ್ಲಿ ಇನ್ನೊಂದು ತೊಂದರೆ. ಉರ್ದು ಸಾಲು ಬಲದಿಂದ ಶುರುವಾಗುತ್ತದೆ. ಬಲಮೂಲೆಯಲ್ಲಿ ಮುಖ ಕೂರಿಸಿದರೆ ಶೇರ್‌ನ ಮೊದಲ ಶಬ್ದವೇ ಹೋಯಿತು. ಮನೆಯಲ್ಲಿ ಉರ್ದು ಓದುವ ನಮ್ಮವರೇ ಎಡಿಟ್ ಮಾಡಿಯೂ ಇದನ್ನು ಗಮನಿಸುವುದಿಲ್ಲ, ಏಕೆಂದರೆ ಆ್ಯಪ್ ಕಿಟಕಿಯನ್ನು ಎಲ್ಲಿಟ್ಟಿತೋ ಅಲ್ಲಿಯೇ ಬಿಡುತ್ತಾರೆ.

ಕೈಯನ್ನು ಮೇಲಿಂದ ತೆಗೆಯಲು ದುಬಾರಿ ಸ್ಟ್ಯಾಂಡ್ ಬೇಕು ಎನ್ನುವುದೂ ಸರಿಯಲ್ಲ. ನಾವು ಮನೆಯಲ್ಲಿ ಮಾಡಿ ನೋಡಿದ್ದೇವೆ. ಎರಡು ಸ್ಟೀಲ್ ಡಬ್ಬ, ಅವುಗಳ ಮೇಲೆ ಅಡ್ಡಲಾಗಿ ಎರಡು ಮರದ ಸ್ಕೇಲ್, ಸ್ಕೇಲಿನ ಮೇಲೆ ಕ್ಯಾಮೆರಾ ಕೆಳಗೆ ಮುಖ ಮಾಡಿದ ಫೋನ್, ರಬ್ಬರ್ ಬ್ಯಾಂಡ್. ಅಮ್ಮಿ ಅಕ್ಕಿ ಡಬ್ಬ ವಾಪಸ್ ಕೇಳುವುದರೊಳಗೆ ರೆಕಾರ್ಡಿಂಗ್ ಮುಗಿಸಬೇಕು ಎನ್ನುವುದೊಂದೇ ಕಷ್ಟ. ಟ್ಯೂಬ್‌ಲೈಟ್ ಕೆಳಗೆ ಮಾಡಬೇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಫೋನ್ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ; ಎರಡೂ ಹೊಂದದೆ ಬಿಳಿ ಕಾಗದದ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ. ಹಗಲು ಹೊತ್ತು ಕಿಟಕಿಯ ಪಕ್ಕ ಕೂರುವುದು ಒಳ್ಳೆಯದು, ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು, ಇಲ್ಲವಾದರೆ ಕೈಯ ನೆರಳೇ ಅಕ್ಷರದ ಮೇಲೆ ಬೀಳುತ್ತದೆ. ಫ್ಯಾನ್ ಆರಿಸಿ. ಇಯರ್‌ಫೋನಿನ ಮೈಕನ್ನು ದುಪಟ್ಟಾಕ್ಕೆ ಸಿಕ್ಕಿಸಿಕೊಂಡರೆ ಧ್ವನಿ ಚೆನ್ನಾಗಿ ಬರುತ್ತದೆ. ಎರಡು ಫೋನಿನಲ್ಲಿ ರೆಕಾರ್ಡ್ ಮಾಡುವಾಗ ಶುರುವಿನಲ್ಲಿ ಒಂದು ಸಲ ಚಪ್ಪಾಳೆ ತಟ್ಟಿ. ಎಡಿಟಿಂಗಿನಲ್ಲಿ ಆ ಶಬ್ದದ ಗೆರೆ ಎರಡರಲ್ಲೂ ಎದ್ದು ಕಾಣುತ್ತದೆ, ಅದನ್ನು ಒಂದರ ಕೆಳಗೆ ಒಂದು ಹೊಂದಿಸಿ, ಆಮೇಲೆ ಒಂದು ಫೋನಿನ ಧ್ವನಿಯನ್ನು ಪೂರ್ತಿ ಮುಚ್ಚಿಬಿಡಿ. ಎರಡೂ ಉಳಿದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.

ಕೈ ಮಾತ್ರ ಇರುವ ವಿಡಿಯೋಗೆ ಇನ್ನೊಂದು ಲಾಭ ಇದೆ. ಚಿತ್ರದಲ್ಲಿ ಓಡಾಟ ಕಡಿಮೆ ಇರುವುದರಿಂದ ಕಡಿಮೆ ಬಿಟ್‌ರೇಟಿನಲ್ಲೂ ಅಕ್ಷರ ಸ್ಪಷ್ಟವಾಗಿ ಉಳಿಯುತ್ತದೆ. ಸೆಕೆಂಡಿಗೆ 8 ಮೆಗಾಬಿಟ್‌ನಲ್ಲಿ ಸೇವ್ ಮಾಡಿದ ಹತ್ತು ನಿಮಿಷದ ವಿಡಿಯೋ 600 ಎಂಬಿ. 2 ಮೆಗಾಬಿಟ್‌ನಲ್ಲಿ 150 ಎಂಬಿ. ದಿನಕ್ಕೆ ಒಂದೂವರೆ ಜಿಬಿಯಲ್ಲಿ ಮನೆಯವರೆಲ್ಲ ಹಂಚಿಕೊಳ್ಳುವ ಕಡೆ ಈ ವ್ಯತ್ಯಾಸ ಚಿಕ್ಕದಲ್ಲ.

ಮುಖವೇ ಬೇಡ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರಾದರೂ ತಿಳಿಯಬಹುದು. ಮುಖ ಇರಲೇಬೇಕಾದ ಕಿಟಕಿ ಒಂದಿದೆ, ಅದರ ಬಗ್ಗೆ ನಮ್ಮ ತಂಡ ಇನ್ನೂ ಯೋಚಿಸಿಲ್ಲ. ಸನ್ನೆ ಭಾಷೆಯ ಕಿಟಕಿ.

ನನ್ನ ಖಾಲಾ ಅವರ ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವನೂ ಕಾಮರ್ಸ್ ಓದಬೇಕೆಂದಿದ್ದಾನೆ. 2020ರ ಜುಲೈನಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಶುರುವಾದವಲ್ಲ, ಆಗ ನಮ್ಮ ಮನೆಯ ದೊಡ್ಡ ಮಕ್ಕಳೆಲ್ಲ ಟಿವಿ ಮುಂದೆ ಸಾಲಾಗಿ ಕುಳಿತರು. ಟಿವಿಯ ಪಾಠ ಮಾತಿನ ಮೇಲೆ ನಡೆಯುತ್ತದೆ, ಅವನಿಗೆ ಅದು ಎಷ್ಟು ದಕ್ಕಿತು ಎಂದು ಆಗ ನಾವ್ಯಾರೂ ಕೇಳಲಿಲ್ಲ, ನಾವೆಲ್ಲ ಚಿಕ್ಕವರು. ಈಗ ಅವನು ನೋಡುವ ವಿಡಿಯೋಗಳನ್ನು ನಾನೂ ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಕೆಲವುದರಲ್ಲಿ ಮೂಲೆಯಲ್ಲಿ ಸನ್ನೆ ಭಾಷೆಯವರು ಇರುತ್ತಾರೆ. ಅವನು ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಾನೆ. ಅಷ್ಟು ಚಿಕ್ಕದಾಗಿ ಇಟ್ಟರೆ ಬೆರಳುಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಸನ್ನೆ ಭಾಷೆಯಲ್ಲಿ ಕೈ ಅರ್ಧ ಮಾತ್ರ; ಹುಬ್ಬು ಏರಿಸಿದರೆ ಪ್ರಶ್ನೆ, ತಲೆ ಆಡಿಸಿದರೆ ಇಲ್ಲ, ತುಟಿಯ ಆಕಾರಕ್ಕೂ ಅರ್ಥ ಇದೆ ಎಂದು ಅವನೇ ನನಗೆ ಬರೆದು ತೋರಿಸಿದ. ಅಲ್ಲಿ ಮುಖ ಎಂದರೆ ವ್ಯಾಕರಣ. ಅದನ್ನು ಅಂಚೆ ಚೀಟಿ ಮಾಡುವುದು ಪುಸ್ತಕದ ಅಕ್ಷರವನ್ನು ಓದಲಾಗದಷ್ಟು ಸಣ್ಣದಾಗಿ ಅಚ್ಚು ಹಾಕಿದಂತೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವಿದ್ಯುನ್ಮಾನ ಮಾಧ್ಯಮದಲ್ಲಿ ಸನ್ನೆ ಭಾಷೆಯ ಅನುವಾದ, ಅಕ್ಷರ ಸಾಲು ಇರಬೇಕು ಎಂದು ಹೇಳುತ್ತದೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2020ರಲ್ಲಿ ಎನ್‌ಸಿಇಆರ್‌ಟಿ ಜೊತೆ ಒಪ್ಪಂದ ಮಾಡಿಕೊಂಡು ಪಠ್ಯಪುಸ್ತಕಗಳನ್ನು ಸನ್ನೆ ಭಾಷೆಗೆ ತರುವ ಕೆಲಸ ಹಿಡಿಯಿತು. ಪಿಯುಸಿಯ ಹುಡುಗ ಹುಡುಗಿಯರು ಮಾಡುವ ವಿಡಿಯೋಗೆ ಅಷ್ಟೆಲ್ಲ ಸಾಧ್ಯವಿಲ್ಲ ಎಂದು ಬಿಡಬೇಕಿಲ್ಲ. ನಾನು ಮೇಲೆ ಹೇಳಿದ ಬಲಗಡೆಯ ಪಟ್ಟಿ ಇದೆಯಲ್ಲ, ಅದರಲ್ಲಿ ಅಡ್ಡ ಕಿಟಕಿಯ ಬದಲು ನಿಲುವು ಕಿಟಕಿ ಇಟ್ಟರೆ 480×810 ಸಿಗುತ್ತದೆ. ಮೂಲೆಯ 480×270ಕ್ಕೆ ಹೋಲಿಸಿದರೆ ಸರಿಯಾಗಿ ಮೂರು ಪಟ್ಟು. ತಲೆಯಿಂದ ಸೊಂಟದವರೆಗೆ, ಎರಡೂ ಕೈ ಪೂರ್ತಿ ಕಾಣುತ್ತವೆ. ಹಿಂದಿನ ಗೋಡೆ ಒಂದೇ ಬಣ್ಣ ಇರಬೇಕು, ಅಂಗಿಯ ಬಣ್ಣ ಕೈಯ ಬಣ್ಣಕ್ಕಿಂತ ಬೇರೆ ಇರಬೇಕು. ಸನ್ನೆ ಮಾಡುವವರು ಸಿಗುವವರೆಗೆ ಕನಿಷ್ಠ ಅಕ್ಷರ ಸಾಲನ್ನಾದರೂ ಹಾಕಬಹುದು. ಅದು ಉರ್ದು ಮಾಧ್ಯಮದ ಹೈಸ್ಕೂಲಿನಿಂದ ಬಂದು ಇಲ್ಲಿ ಇಂಗ್ಲಿಷ್‌ನ ಗುಡ್‌ವಿಲ್, ಸ್ಯಾಕ್ರಿಫೈಸ್ ರೇಶಿಯೋಗಳ ನಡುವೆ ತಡವರಿಸುವ ನಮ್ಮವರಿಗೂ ಉಪಯೋಗಕ್ಕೆ ಬರುತ್ತದೆ.

ತಂಡದ ಜವಾಬ್ದಾರಿ ಹೊತ್ತಿರುವ ಸರ್ ಮತ್ತು ಮೇಡಂ ಅವರಿಗೆ ನನ್ನ ವಿನಂತಿ ಇಷ್ಟು. ಮುಖ ಕಡ್ಡಾಯ ಎಂಬ ಸಾಲನ್ನು ತೆಗೆದು, ಪಾಠ ಹೇಳುವವರು ಮುಖ, ಕೈ ಅಥವಾ ಧ್ವನಿ ಯಾವುದು ಇರಲಿ ಎಂದು ಹೇಳುತ್ತಾರೋ ಅದನ್ನು ಒಪ್ಪಿ. ತರಗತಿಯಲ್ಲಿ ತೆಗೆದ ದೃಶ್ಯದಲ್ಲಿ ಹಿಂದೆ ಕುಳಿತವರ ಮುಖ ಬಂದಿದ್ದರೆ ಅವರನ್ನು ಕೇಳಿಯೇ ಬಳಸಿ, ಇಲ್ಲವೇ ಕ್ರಾಪ್ ಮಾಡಿ. ಯಾವ ವಿಡಿಯೋದಲ್ಲೂ ಕಿಟಕಿ ಲೆಕ್ಕದ ಮೇಲೆ ಬರಬಾರದು. ಸನ್ನೆ ಭಾಷೆ ಬಲ್ಲವರು ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲೇ ಇರಬಹುದು, ಒಂದು ಸಲ ನೋಟಿಸ್ ಬೋರ್ಡಿನಲ್ಲಿ ಕೇಳಿ ನೋಡಿ.

ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲು ಪಾಲುದಾರನ ಸೇರ್ಪಡೆ ಮತ್ತು ನಿವೃತ್ತಿ ಎರಡೂ ಅಧ್ಯಾಯಗಳ ವಿಡಿಯೋ ಆಗಬೇಕಿದೆ. ಅವಳನ್ನು ಕೇಳಿದ್ದೇನೆ. ನಿಯಮ ಹೋದರೆ ಮಾಡುತ್ತೇನೆ ಎಂದಿದ್ದಾಳೆ, ನಿವೃತ್ತಿಯ ಲೆಕ್ಕವನ್ನೂ ಸೇರಿಸಿ ನಾಲ್ಕು ಉದಾಹರಣೆ ಆರಿಸಿ ಇಟ್ಟಿದ್ದಾಳೆ. ಎಡಿಟಿಂಗ್ ನಾನು ಮಾಡುತ್ತೇನೆ. ಲೈಬ್ರರಿಯ ಪಕ್ಕದ ಕೋಣೆಯಲ್ಲಿ ಮಧ್ಯಾಹ್ನ ಮೂರೂವರೆವರೆಗೆ ಎಡಗಡೆಯಿಂದ ಒಳ್ಳೆಯ ಬೆಳಕು ಬರುತ್ತದೆ. ಎರಡು ಡಬ್ಬ ಮನೆಯಿಂದ ತರುತ್ತೇನೆ, ಸ್ಕೇಲ್ ಮಾತ್ರ ಯಾರಾದರೂ ಕೊಡಬೇಕು, ಮರದ್ದೇ ಆಗಬೇಕು, ಪ್ಲಾಸ್ಟಿಕ್ ಬಾಗುತ್ತದೆ.